ಎರಡು ಕೀಲಿಯ ಕೋಣೆ

ನಾಗಾವಳಿ ನದಿಯ ದಂಡೆಯಲ್ಲಿ ಕಂಪನಿ ಸರ್ಕಾರದವರು ಕಟ್ಟಿಸಿದ ಆ ಹಳೆಯ ಕಚೇರಿ ತನ್ನಪ್ಪನದೇ ಎಂದು ಮುತ್ಯಾಲು ನಂಬಿಕೊಂಡಿದ್ದಳು. ನಂಬದೆ ಇನ್ನೇನು? ಅವಳಪ್ಪ ಅಪ್ಪಲಸ್ವಾಮಿ ಅಲ್ಲಿನ ಖಜಾನೆಯ ಪಹರೆಯವನು. ಹೆಗಲಿಗೆ ಬಂದೂಕು ಏರಿಸಿ ಅವನು ಗದರಿದರೆ ಗುಮಾಸ್ತರೂ ನಿಂತು ಉತ್ತರ ಹೇಳುತ್ತಿದ್ದರು. ಮನೆ ಕಚೇರಿಯ ಹಿತ್ತಿಲಲ್ಲೇ. ಬೆಳಿಗ್ಗೆ ಅಂಬಲಿ ಕುಡಿದು ಹೊರಬಿದ್ದರೆ ಹುಡುಗಿಗೆ ಆ ಕಟ್ಟಡವೇ ಅಂಗಳ.

ಅವಳು ಕಾಲಿಡದ ಮೂಲೆ ಇರಲಿಲ್ಲ. ಹಗ್ಗ ಕಟ್ಟಿ ಪಂಖಾ ಎಳೆಯುತ್ತಿದ್ದ ಕಾಲದ ಸೂರಿನ ಕೊಂಡಿಗಳಲ್ಲಿ ಈಗ ಗುಬ್ಬಚ್ಚಿ ಗೂಡು. ಸುತ್ತುಮೆಟ್ಟಿಲ ತುದಿಯಲ್ಲಿ ಗಡಿಯಾರವೇ ಇಲ್ಲದ ಗಡಿಯಾರದ ಗೋಪುರ. ಅಲ್ಲಿಂದ ನದಿಯಾಚೆಯ ತಾಳೆಮರಗಳು ಕಾಣುತ್ತಿದ್ದವು. ದಾಖಲೆ ಕೋಣೆಯಲ್ಲಿ ಕೆಂಪು ಬಟ್ಟೆಯ ಗಂಟುಗಳು ಸೂರಿನವರೆಗೆ ಪೇರಿದ್ದವು, ಅವನ್ನು ಶ್ರದ್ಧೆಯಿಂದ ಓದುತ್ತಿದ್ದದ್ದು ಗೆದ್ದಲು ಮಾತ್ರ. ಒಂದು ಬಾಗಿಲಿಂದ ಓಡಿಸಿದರೆ ಇನ್ನೊಂದರಿಂದ ನುಗ್ಗುವಳು. ನೋಡದೆ ಉಳಿದದ್ದು ಖಜಾನೆಯ ಒಳಕೋಣೆ ಒಂದೇ.

"ಅದ್ರೊಳಗೆ ಏನಿದೆ ನಾನ್ನಾ?" ಎಂದು ಅಪ್ಪನ ಜೀವ ತಿನ್ನುತ್ತಿದ್ದಳು.

"ಸರ್ಕಾರ ಇದೆ ತಲ್ಲೀ. ಮಲಗಿದೆ, ಎಬ್ಬಿಸಬೇಡ."

ಆ ಕೋಣೆಗೆ ಎರಡು ಬೀಗ. ಒಂದರ ಕೀಲಿ ಖಜಾಂಚಿ ಜೋಗಾರಾವು ಅವರ ಬಳಿ, ಇನ್ನೊಂದರದು ದೊಡ್ಡ ಅಧಿಕಾರಿಯ ಬಳಿ. ಇಬ್ಬರೂ ಕೂಡಿ ಬಂದರಷ್ಟೇ ಬಾಗಿಲು. ಸರ್ಕಾರಕ್ಕೆ ಯಾರ ಮೇಲೂ ಪೂರ್ತಿ ನಂಬಿಕೆ ಇಲ್ಲ ನೋಡಿ, ಅರ್ಧರ್ಧ ಹಂಚಿಬಿಟ್ಟಿತ್ತು. ಮುಚ್ಚುವ ಮೊದಲು ಪಹರೆಯವನು ಹೊಸ್ತಿಲಲ್ಲಿ ನಿಂತು "ಒಳಗೆ ಯಾರು?" ಎಂದು ಮೂರು ಸಲ ಕೂಗಬೇಕು. ಆಮೇಲೆ ಬೀಗ, ಬೀಗದ ಮೇಲೆ ಅರಗಿನ ಮೊಹರು. ಕಂಪನಿ ಕಾಲದಿಂದ ಹಾಗೆ ಕೂಗುತ್ತ ಬಂದಿದ್ದರು. ಒಳಗಿಂದ ಒಮ್ಮೆಯೂ ಉತ್ತರ ಬಂದಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಛಾಪಾಕಾಗದದ ಪೆಟ್ಟಿಗೆಗಳು ಬಂದವು. ಅಪ್ಪನ ಕಣ್ಣು ಕೂಲಿಯವರ ಮೇಲಿತ್ತು. ಒಬ್ಬ ಹೊತ್ತ ಪೆಟ್ಟಿಗೆಯ ಮರೆಯಲ್ಲಿ ಮುತ್ಯಾಲು ಒಳಗೆ ಜಾರಿ ಕಬ್ಬಿಣದ ತಿಜೋರಿಯ ಹಿಂದೆ ಕುಳಿತಳು. ಮಲಗಿದ ಸರ್ಕಾರವೇನೂ ಕಾಣಲಿಲ್ಲ, ಬರೀ ಧೂಳು. ಅಷ್ಟರಲ್ಲಿ ಅಪ್ಪನ ದನಿ ಕೇಳಿತು.

"ಒಳಗೆ ಯಾರು?"

ಬಾಯಿ ತೆರೆದವಳು ಮುಚ್ಚಿದಳು. ಹೊಸ್ತಿಲಾಚೆ ಇಬ್ಬರು ಅಧಿಕಾರಿಗಳು ನಿಂತಿದ್ದರು. "ನಿನ್ ಕಾಟಕ್ಕೆ ಒಂದಿನ ನಿಮ್ಮಪ್ಪನ ಕೆಲಸ ಹೋಗುತ್ತೆ ನೋಡ್ತಿರು" ಎಂದು ಅಮ್ಮ ಪೈಡಮ್ಮ ದಿನವೂ ಬೈಯುತ್ತಿದ್ದಳು. ಈಗ 'ನಾನು' ಎಂದರೆ ಅದು ಇವತ್ತೇ ಹೋಗುತ್ತದೆ. ಸುಮ್ಮನಿದ್ದರೆ ಅವರು ಹೊರಟುಹೋಗುತ್ತಾರೆ, ಅಪ್ಪ ತೆಗೆಯುತ್ತಾನೆ. ಕಟ್ಟಡ ಅವನದೇ ತಾನೆ? ಎರಡನೆಯ ಕೂಗಿಗೂ ಮೂರನೆಯದಕ್ಕೂ ಅವಳು ಉಸಿರು ಬಿಗಿಹಿಡಿದಳು.

ಬೂಟಿನ ಸದ್ದು ದೂರವಾದ ಮೇಲೆ ಬಾಗಿಲ ಬುಡಕ್ಕೆ ಬಾಯಿಟ್ಟು ಪಿಸುಗುಟ್ಟಿದಳು. "ನಾನ್ನಾ, ಹೋದ್ರು. ಈಗ ತೆಗಿ."

ಆಚೆ ಯಾರೋ ದೊಪ್ಪನೆ ಕುಳಿತಂತಾಯಿತು. "ಮುತ್ಯಾಲೂ? ಒಳಗಿದೀಯೇನೇ? ಕೂಗಿದ್ನಲ್ಲೇ, ಯಾಕೆ ಮಾತಾಡ್ಲಿಲ್ಲ?"

"ನಿನ್ನ ಬೈತಾರೆ ಅಂತ. ಬೇಗ ತೆಗಿ, ಕತ್ಲೆ."

"ನನ್ನತ್ರ ಕೀಲಿ ಇಲ್ಲ ತಲ್ಲೀ."

"ಸುಳ್ಳು!"

"ಕಾಯೋದಷ್ಟೇ ನಾನು. ಕೀಲಿ ಅವರದು."

ಖಜಾಂಚಿ ಏದುಸಿರು ಬಿಡುತ್ತ ಬಂದರು. ಆದರೆ ದೊಡ್ಡ ಅಧಿಕಾರಿ ಕಚೇರಿಯಿಂದಲೇ ರೈಲು ಹತ್ತಿ ನೆಂಟರ ಮದುವೆಗೆ ಹೋಗಿಯಾಗಿತ್ತು. ಪೈಡಮ್ಮ ಖಜಾಂಚಿಯ ಕಾಲು ಹಿಡಿದಳು. "ಒಡೆಸಿಬಿಡಿ ಬಾಬುಗಾರೂ, ಮಗು ಸತ್ತೋಗುತ್ತೆ!"

"ಮೊಹರು ಮುಟ್ಟಿದ್ರೆ ನಿನ್ ಗಂಡನೂ ಜೈಲಿಗೆ, ನಾನೂ ಜೈಲಿಗೆ. ತಂತಿ ಕೊಟ್ಟಿದೀನಿ, ಆಳು ಕಳಿಸಿದೀನಿ. ಇನ್ನೇನು ಮಾಡ್ಲಮ್ಮಾ?" ಕೆಟ್ಟ ಮನುಷ್ಯನಲ್ಲ ಅವರು. ತಮ್ಮ ಪಾಲಿನ ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತೇ ಇದ್ದರು.

ಪೈಡಮ್ಮ ಗಂಡನ ಕಡೆ ತಿರುಗಿದಳು. "ಕೈಲಿರೋದು ಬಂದೂಕೋ, ಒಲೆ ಊದೋ ಕೊಳವೆಯೋ? ಹಾಕು ಒಂದೇಟು ಬೀಗಕ್ಕೆ!"

ಅಪ್ಪಲಸ್ವಾಮಿ ಬಂದೂಕನ್ನು ತಿರುವಿ ಹಿಡಿದು ಮೇಲೆತ್ತಿದ. ಎತ್ತಿದ್ದು ಹಾಗೇ ಉಳಿಯಿತು. ಆಮೇಲೆ ಮೆಲ್ಲಗೆ ಕೆಳಗಿಳಿಸಿ ಕಲ್ಲಿನ ಮೇಲಿಟ್ಟ. ಆ ಸದ್ದು ಒಳಗಿದ್ದವಳಿಗೆ ಚೆನ್ನಾಗಿ ಕೇಳಿಸಿತು. ಮುಂದೆ ಊರೂರು ತಿರುಗಿ ಬಳೆ ಮಾರಿ ಮಕ್ಕಳನ್ನು ಸಾಕಿದ ಮುತ್ಯಾಲಮ್ಮ, ಪೊಲೀಸರಿಗೂ ಎದುರುತ್ತರ ಕೊಡುವ ಮುತ್ಯಾಲಮ್ಮ, ಎಪ್ಪತ್ತು ದಾಟಿದ ಮೇಲೂ ಈ ಕತೆಯನ್ನು ಆ ಸದ್ದಿನವರೆಗೆ ಹೇಳಿ ಎದ್ದು ಒಳಗೆ ಹೋಗುತ್ತಾಳೆ. ಅಪ್ಪನ ಮೇಲೆ ಸಿಟ್ಟಿಲ್ಲ, ಅವನನ್ನು ನೆನೆದರೆ ಸಂಕಟವಾಗುತ್ತದೆ, ಅಷ್ಟೇ.

ಪರಂಗಿ ಎಲೆಯ ಟೊಳ್ಳು ದಂಟನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಅಪ್ಪ ಅದರಲ್ಲಿ ಗಂಜಿನೀರು ಬಿಟ್ಟ. ಅವಳು ನೆಲಕ್ಕೊರಗಿ ಹೀರಿದಳು. ಅತ್ತಳು, ಉಚ್ಚೆ ಹೊಯ್ದುಕೊಂಡಳು, ನಿದ್ದೆ ಹೋದಳು.

ಮರುದಿನ ಮಧ್ಯಾಹ್ನ ದೊಡ್ಡ ಅಧಿಕಾರಿ ಮದುವೆಯ ಜರಿಪಂಚೆಯಲ್ಲೇ ಓಡಿಬಂದರು. ಮೊದಲು ಮೊಹರು ಸರಿಯಿದೆಯೇ ಎಂದು ಸಾಕ್ಷಿಗಳಿಗೆ ತೋರಿಸಿದ್ದಾಯಿತು. ಆಮೇಲೆ ಒಂದು ಕೀಲಿ, ಆಮೇಲೆ ಇನ್ನೊಂದು. ಬಾಗಿಲು ತೆರೆದದ್ದೇ ಹುಡುಗಿ ಅಪ್ಪನ ಕಡೆ ನುಗ್ಗಿದಳು. ಅಧಿಕಾರಿ ಕೈ ಅಡ್ಡ ಹಿಡಿದರು.

"ಒಳಗಿಂದ ಬಂದೋರನ್ನ ಪಹರೆಯವನು ಜಡ್ತಿ ಮಾಡ್ಬೇಕು ಅಪ್ಪಲಸ್ವಾಮಿ. ನಿಯಮ. ಮೇಲಿನೋರು ನನ್ನ ಕೇಳ್ತಾರೆ." ಹೇಳುವಾಗ ಅವರು ನೆಲ ನೋಡುತ್ತಿದ್ದರು.

ಅಪ್ಪಲಸ್ವಾಮಿ ಮಗಳ ಒದ್ದೆ ಲಂಗದ ನೆರಿಗೆ ಬಿಡಿಸಿ ಕೊಡವಿದ. ಜಡೆ ಬಿಚ್ಚಿ ಬೆರಳಾಡಿಸಿದ. ಮುಷ್ಟಿ ಬಿಡಿಸಿ ನೋಡಿದ.

"ಬಾಯಿ ತೆಗಿ ತಲ್ಲೀ."

ಅವಳು ತೆರೆದಳು. ಅವನು ಒಳಗೆ ಇಣುಕಿದ.

"ಏನೂ ಇಲ್ಲ ಬಾಬುಗಾರೂ," ಎಂದು ಎದ್ದು ನೆಟ್ಟಗೆ ನಿಂತ. "ಈಗ ಮಗೂನ ಎತ್ಕೊಳ್ಳಬಹುದಾ?"

ಅಧಿಕಾರಿ ಪೆಟ್ಟಿಗೆಗಳನ್ನು ಎಣಿಸುತ್ತಿದ್ದರು, ಕೇಳಿಸಲಿಲ್ಲ. ಅವನು ಇನ್ನೊಮ್ಮೆ ಕೇಳಿದ.