ಸೊಪ್ಪು ಬಸಿದ ನೀರು

ನಮ್ಮ ಯಜಮಾನರ ಕಿಡ್ನಿ ಗಟ್ಟಿಯಾಗುತ್ತಿದೆ ಅಂತ ಚಿಂತಾಮಣಿಯಲ್ಲಿ ಡಾಕ್ಟರು ಹೇಳಿದಾಗ, ಒಳ್ಳೆಯದೇ ಆಯಿತಲ್ಲ ಅಂದುಕೊಂಡ ದಡ್ಡಿ ನಾನು. ವರ್ಷಗಟ್ಟಲೆಯ ಸಕ್ಕರೆ ಕಾಯಿಲೆ, ಬಿಪಿ, ಸಾಲದ್ದಕ್ಕೆ ಮಂಡಿನೋವಿಗೆಂದು ಕಡಲೆಪುರಿಯ ಹಾಗೆ ತಿಂದ ಮಾತ್ರೆಗಳು ಎಲ್ಲ ಸೇರಿ ಒಳಗೆ ಗಾಯದ ಕಲೆ ಕಟ್ಟಿತ್ತಂತೆ. ಕಟ್ಟಿದ್ದು ಹೋಗುವುದಿಲ್ಲ, ಇನ್ನಷ್ಟು ಕಟ್ಟದ ಹಾಗೆ ನೋಡಿಕೊಳ್ಳಬೇಕು, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಂತುಹೋದೀತು ಎಂದರು. ಮಾತ್ರೆ ಬದಲಾಯಿಸಿ, ಉಪ್ಪು ಕಡಿಮೆ ಮಾಡಿಸಿ, ಸೊಪ್ಪನ್ನು ಬೇಯಿಸಿ ನೀರು ಬಸಿದು ಕೊಡಿ ಎಂದರು. ಪಥ್ಯದ ಚೀಟಿ ಯಜಮಾನರ ಜೇಬಿಗೆ ಸೇರಿತು. ಸೊಪ್ಪು ಬಸಿಯುವುದನ್ನು ನನಗೆ ಹೇಳಿಕೊಡಬೇಕೆ!

ಅಷ್ಟರಲ್ಲಿ ಗೌರಿಬಿದನೂರಿನಿಂದ ಮೈದುನ ಒಂದು ಡಬ್ಬಿ ತಂದ. ಯಾವುದೋ ಚೀನಾ ಬೇರಿನ ಪುಡಿ. "ಕಲೆಯೆಲ್ಲಾ ಕರಗಿಹೋಗ್ತದೆ ಅತ್ತಿಗೆ" ಅಂದ. ಡಬ್ಬಿಯ ಮೇಲೆ ಬರೀ ಚೀನೀ ಅಕ್ಷರ. ಒಯ್ದು ತೋರಿಸಿದಾಗ ಡಾಕ್ಟರು ತಿರುಗಿಸಿ ನೋಡಿ, "ಅವರ ಔಷಧೀಲೂ ಒಳ್ಳೇವು ಇರಬಹುದಮ್ಮ. ಆದ್ರೆ ಕೆಲವು ಬೇರು ಕಿಡ್ನಿನೇ ಕೆಡಿಸ್ತವೆ. ಒಳಗೇನಿದೆ ಅಂತ ತಿಳೀದೆ ಮುಟ್ಟಬೇಡಿ" ಎಂದರು. ಡಬ್ಬಿಯನ್ನು ಅಟ್ಟಕ್ಕೆ ಎಸೆದೆ.

ಮುಂದಿನ ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿತ್ತು. ನನ್ನ ಜೀವ ಬಾಯಿಗೆ ಬಂತು. "ಕದ್ದು ಆ ಪುಡಿ ಕುಡಿದ್ರಿ ತಾನೇ? ನನ್ನಾಣೆ, ನಿಜ ಹೇಳ್ರೀ!" ಎಂದು ಡಾಕ್ಟರ ಮುಂದೆಯೇ ಜಗಳಕ್ಕೆ ನಿಂತೆ. ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

"ಸೊಪ್ಪು ಬಸೀತಿದೀರಾ?" ಡಾಕ್ಟರು ನನ್ನನ್ನು ಕೇಳಿದರು.

"ದಿನಾ ಬಸೀತೀನಿ ಸಾರ್."

"ಆ ನೀರು?"

"ಅದನ್ನ ಯಾರಾದ್ರೂ ಚೆಲ್ತಾರಾ? ಬಸ್ಸಾರು ಮಾಡ್ತೀನಿ. ಮುದ್ದೆಗೆ ಎರಡೆರಡು ಸಲ ಹಾಕಿಸ್ಕೊಂತಾರೆ."

ಡಾಕ್ಟರು ಹಣೆ ಚಚ್ಚಿಕೊಂಡರು. "ಅಯ್ಯೋ ತಾಯಿ, ಸೊಪ್ಪಿನ ಪೊಟ್ಯಾಸಿಯಂ ಇಳಿಯೋದೇ ಆ ನೀರಿಗೆ!"

ಮನೆಗೆ ಬಂದು ಅಟ್ಟ ಹತ್ತಿದೆ. ಡಬ್ಬಿಯ ಮುಚ್ಚಳವನ್ನು ಯಾರೂ ತೆರೆದೇ ಇರಲಿಲ್ಲ. ಸುಮ್ಮನೆ ಬೈದೆನಲ್ಲ ಎಂದುಕೊಂಡು ಕೆಳಗಿಳಿದು ಅವರೆದುರು ಕೂತೆ.

"ಕುಡಿದಿಲ್ಲ ಅನ್ನೋಕೇನಾಗಿತ್ತು ನಿಮಗೆ?"

"ಪುಡಿ ಅಲ್ಲ ಅಂದಿದ್ರೆ ಬಸ್ಸಾರು ಸಿಕ್ಕಿಬೀಳ್ತಿತ್ತು ಕಣೇ. ನೀರು ಚೆಲ್ಲಬೇಕೂಂತ ಚೀಟೀಲಿ ಮೊದಲೇ ಓದಿದ್ದೆ."

ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. "ಒಂದು ಬಸ್ಸಾರಿಗೋಸ್ಕರ ನನ್ನ ಬಿಟ್ಟು ಹೋಗ್ತಿದ್ರಲ್ರೀ!" ಎಂದು ಅತ್ತುಬಿಟ್ಟೆ.

ಮಾರನೆಯ ದಿನ ಬಸಿದ ನೀರನ್ನು ಅವರ ಕಣ್ಣೆದುರೇ ಬಚ್ಚಲಿಗೆ ಸುರಿದೆ. ಬಂಧುವನ್ನು ಬಸ್ಸು ಹತ್ತಿಸಿದವರಂತೆ ನೋಡುತ್ತ ನಿಂತರು. "ನಿನಗಾದ್ರೂ ಮಾಡ್ಕೋಬೇಕಿತ್ತು ಕಣೇ" ಎಂದರು. ನನ್ನ ತಟ್ಟೆಗೂ ಆ ಒಣ ಪಲ್ಯವನ್ನೇ ಬಡಿಸಿಕೊಂಡು ಪಕ್ಕದಲ್ಲಿ ಕೂತೆ.