ಕೊಡೆಯೊಳಗಿನ ಮೂರು ಹೂವು

ಇವತ್ತು ಬೆಳಿಗ್ಗೆ ಯಾರೋ ಗಿರಾಕಿ ತಮ್ಮ ಕರಿ ಕೊಡೆಯನ್ನು ನನ್ನ ಹೂವಿನಂಗಡಿಯ ಮೊಳೆಗೆ ನೇತುಹಾಕಿ ಮರೆತುಹೋದರು. ಬಾಗಿದ ಹಿಡಿಯ, ಉದ್ದನೆಯ, ಹಳೆಯ ಕಾಲದ ಕೊಡೆ. ಮಧ್ಯಾಹ್ನದವರೆಗೂ ನಾನು ಅದರ ಕಡೆ ನೋಡುವುದು, ಒಬ್ಬಳೇ ನಗುವುದು ಮಾಡುತ್ತಿದ್ದೆ. ಎದುರಿನ ಜೆರಾಕ್ಸ್ ಅಂಗಡಿಯವರು ಎರಡು ಸಲ ನನ್ನನ್ನು ವಿಚಿತ್ರವಾಗಿ ನೋಡಿದರು. ನಿಮಗೆ ಕಾರಣ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಹಾಗೆಯೇ ನೋಡುತ್ತೀರಿ.

ನಮ್ಮ ಆಂಡರ್ಸನ್‌ಪೇಟೆಯಲ್ಲಿ ಹೂವು ಅಂದರೆ ಮೊಳದ ಲೆಕ್ಕ. ಮುಡಿಯುವವರಿಗೆ ಮಲ್ಲಿಗೆ, ಕನಕಾಂಬರ; ದೇವರಿಗೆ ಸೇವಂತಿಗೆ, ಚೆಂಡು. ಕಡ್ಡಿ ಸಮೇತ ಕತ್ತರಿಸಿದ ಹೂವುಗಳನ್ನು ಬಕೆಟ್ಟಿನಲ್ಲಿ ನಿಲ್ಲಿಸಿ ಮಾರುವ ಐಲು ನನಗೆ ಹಿಡಿದಾಗ ನಮ್ಮತ್ತೆ, "ಈ ಕಡ್ಡೀನ ಯಾವಳ ಜಡೆಗೆ ಸಿಗಿಸ್ತೀಯೇ?" ಎಂದು ಕೇಳಿದ್ದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಗುಲಾಬಿ, ಜರ್ಬೆರಾ, ಸುಗಂಧರಾಜಗಳನ್ನು ಕೊಳ್ಳುತ್ತಿದ್ದವರು ಚರ್ಚಿಗೆ ಹೋಗುವವರು, ಸಮಾಧಿಗೆ ಹೋಗುವವರು, ಕಾರ್ಖಾನೆಯ ಸಾಹೇಬರನ್ನು ಬೀಳ್ಕೊಡುವವರು. ಗುಚ್ಛ ಕೊಂಡವರು ನೋಡುತ್ತಿದ್ದದ್ದು ಅದರ ಸುತ್ತಿನ ಹೊಳೆಯುವ ಕಾಗದವನ್ನು. ಹೂವನ್ನು ಯಾರೂ ನೋಡುತ್ತಿರಲಿಲ್ಲ. ನಾನಂತೂ ಮೊದಲೇ ನೋಡುತ್ತಿರಲಿಲ್ಲ; ಇನ್ನೆಷ್ಟು ದಿನ ತಡೆಯುತ್ತದೆ ಅನ್ನುವುದನ್ನು ಮಾತ್ರ ನೋಡುತ್ತಿದ್ದೆ.

ತಡೆಯದ ಹೂವನ್ನು ತಡೆಸುವ ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ದಿನದ ಗುಲಾಬಿಯ ಹೊರಗಿನ ಎರಡು ಕಪ್ಪಾದ ಎಸಳು ಕಿತ್ತರೆ ಅದು ಇವತ್ತಿನ ಗುಲಾಬಿ. ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಇಬ್ಬನಿ. ಹಳೆಯದನ್ನು ಮುಂದಿನ ಬಕೆಟ್ಟಿಗೆ ಹಾಕಿ ಹೊಸದನ್ನು ಹಿಂದೆ ಬಚ್ಚಿಡುವುದು. ಈಗೇಕೆ ಒಪ್ಪಿಕೊಳ್ಳುತ್ತಿದ್ದೇನೆ ಅಂದರೆ, ಇದಕ್ಕಿಂತ ದೊಡ್ಡ ತಪ್ಪೊಂದನ್ನು ಒಪ್ಪಿಕೊಳ್ಳುವುದಿದೆ.

ಎಷ್ಟೋ ವರ್ಷಗಳ ಹಿಂದೆ ಒಂದು ಶನಿವಾರ ಸಂಜೆ ಈರಪ್ಪನವರು ಬಂದರು. ಧಾರವಾಡದ ಕಡೆಯವರು, ಇಲ್ಲಿನ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮೇಲೆ ಕೆಲಸ. ಆಳೆತ್ತರದ ಮನುಷ್ಯ, ದಪ್ಪ ಮೀಸೆ, ಬೆರಳ ಸಂದಿಯಲ್ಲೆಲ್ಲ ತೊಳೆದರೂ ಹೋಗದ ಗ್ರೀಸು, ಕಂಕುಳಲ್ಲಿ ಕೊಡೆ. ಬಂದವರೇ ಬಗ್ಗಿ ಮೂಸಿದರು. ಹೂವನ್ನಲ್ಲ, ಬಕೆಟ್ಟಿನ ನೀರನ್ನು.

"ನೀರು ನಿನ್ನೀದೈತ್ರಿ ಅಕ್ಕಾರ."

ಆಮೇಲೆ ಮುಂದಿನ ಬಕೆಟ್ಟಿನ ಗುಲಾಬಿಯೊಂದನ್ನು ಎತ್ತಿ ಎಸಳುಗಳ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು. "ಮೆತ್ತಗಾಗೇತಿ. ಹೊರಗಿನ ಎಸಳು ಕಿತ್ತೀರಿ, ಹೌದಲ್ರಿ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ ಕಡೆ ಹೂವನ್ನೂ ಬದನೆಕಾಯಿ ತರ ಇಸುಕಿ ತಗೊಂತಾರಾ?" ಎಂದೆ.

"ಬದನಿಕಾಯಿ ಸಂಜೀಕ ಪಲ್ಯಾ ಆಗ್ತದ್ರಿ, ನಡೀತದ. ಇದನ್ನ ಒಂದು ವಾರ ನೋಡಬೇಕಲ್ರಿ" ಎಂದರು, ಬಹಳ ಮರ್ಯಾದೆಯಿಂದ.

ಹಿಂದಿನ ಬಕೆಟ್ಟನ್ನು ತಾವೇ ಎಳೆದುಕೊಂಡರು. ಒಂದೊಂದು ಕಡ್ಡಿಯನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕಬ್ಬಿಣದ ಸರಳಿನ ಡೊಂಕು ನೋಡುವವರ ಹಾಗೆ ತಿರುಗಿಸಿದರು. ಬಿಗಿಯಾಗಿ ಮುಚ್ಚಿದ ಮೊಗ್ಗು ಬೇಡ, ಅದು ಬಿಚ್ಚದೆಯೇ ಕತ್ತು ಬಗ್ಗಿಸುತ್ತದಂತೆ; ತುಟಿ ಬಿಚ್ಚಿ ಬಣ್ಣ ತೋರಿಸಿದ ಮೊಗ್ಗೇ ಬೇಕು. ಇಪ್ಪತ್ತು ನಿಮಿಷದ ಮೇಲೆ ಉದ್ದದ್ದೊಂದು, ನಡುವಿನದೊಂದು, ಗಿಡ್ಡದೊಂದು, ಹೀಗೆ ಮೂರೇ ಮೂರು ಹೂವು ಕೊಂಡರು. ಹೊಳೆಯುವ ಕಾಗದ ಬೇಡ ಎಂದು ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡರು. ಆಚೀಚೆ ನೋಡಿ ಆ ಸುರುಳಿಯನ್ನು ಮಡಿಸಿದ ಕೊಡೆಯೊಳಕ್ಕೆ ಇಳಿಸಿದರು. ಮಳೆಯೆಂಬುದೇ ನೆಂಟರ ಹಾಗೆ ಅಪರೂಪಕ್ಕೆ ಬರುವ ನಮ್ಮೂರಿನಲ್ಲಿ, ಮೋಡವಿಲ್ಲದ ಸಂಜೆ, ಕೊಡೆಯನ್ನು ಮಗುವಿನಂತೆ ಎದೆಗೊತ್ತಿಕೊಂಡು ಹೊರಟುಹೋದರು.

ಇಷ್ಟನ್ನೂ ಪಕ್ಕದ ಮುನಿಯಮ್ಮ ನೋಡುತ್ತಿದ್ದಳು. ತೆಂಗಿನಕಾಯಿ, ಬಾಳೆಹಣ್ಣು ಮಾರುವವಳು. ಕಣ್ಣಿಗೆ ಪೊರೆ ಬಂದಿದ್ದರೂ ಬೇರೆಯವರ ವಿಷಯ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

"ಕೊಡೆಯೊಳ್ಗೆ ಊವ ಬಚ್ಚಿಟ್ಕೊಂಡು ಓಗೋನು ಎಂಡ್ತಿಗೆ ತಗೊಂಡೋಗ್ತಾನೇನಮ್ಮೀ?"

"ಮತ್ತೆ ಯಾರಿಗೆ?"

"ಯಾವಳೋ ಅವ್ಳೆ ಕಣಮ್ಮೀ."

ಮುಂದಿನ ಶನಿವಾರವೂ ಬಂದರು, ಅದರ ಮುಂದಿನದೂ. ನನ್ನ ಕುತಂತ್ರಗಳನ್ನು ಗಿರಾಕಿಗಳ ಎದುರಿಗೇ ಒಂದೊಂದಾಗಿ ಹಿಡಿದು ಹಾಕಿದರು. ಆ ಸಿಟ್ಟು ಒಳಗೇ ಇತ್ತು ಅಂತ ಕಾಣುತ್ತದೆ. "ಬೇತಮಂಗಲದಾಗೆ ಇರ್ಬೇಕು, ಬಸ್ ಸ್ಟ್ಯಾಂಡ್ ಕಡೆಗೇ ಓಗ್ತಾರೆ" ಎಂದು ನಾನೇ ಶುರುಮಾಡಿದೆ. ಮುನಿಯಮ್ಮ, "ಎಸ್ರು ಸರೋಜ ಅಂತಿಟ್ಕೊ" ಎಂದಳು. ಹೀಗೆ ನಮ್ಮ ಸರೋಜ ಹುಟ್ಟಿದಳು. ಮೊದಲ ವಾರ ಅವಳಿಗೆ ಕೆರೆಯ ಪಕ್ಕದ ಬೀದಿಯಲ್ಲಿ ಒಂದು ಮನೆ ಮಾಡಿಕೊಟ್ಟೆವು. ಎರಡನೆಯ ವಾರ ಮೊಣಕಾಲವರೆಗೆ ಜಡೆ. ಮೂರನೆಯ ವಾರ ಹೊಲಿಗೆ ಮಿಷನ್. ಸುಮ್ಮನೆ ಕೂತು ತಿನ್ನುವ ಹೆಂಗಸಲ್ಲ ಎಂದು ಅವಳ ಮೇಲೆ ನಮಗೇ ಅಭಿಮಾನ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಇಷ್ಟು ಸಂತೋಷ ಕೊಟ್ಟವರು ಇನ್ನೊಬ್ಬರಿಲ್ಲ.

ಆದರೆ ಮಾತಿಗೆ ಕಾಲು ಬಂದರೆ ಆಟೋಗಿಂತ ಜೋರು ಓಡುತ್ತದೆ. ನಮ್ಮನೆಯವರದು ಆಟೋ, ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ ಬೆಂಗಳೂರಿನಿಂದ ಬಂದ ಹೂವಿನ ಕಟ್ಟು ತರುವವರೂ ಅವರೇ. ಒಂದು ದಿನ ಊಟಕ್ಕೆ ಕೂತಾಗ ಗುಟ್ಟು ಹೇಳುವ ದನಿಯಲ್ಲಿ, "ಇಸ್ಯ ಗೊತ್ತಾ? ನಿನ್ ಗಿರಾಕಿ ಆ ಮೀಸೆಯೋರು ಬೇತಮಂಗಲದಾಗೆ ಒಬ್ಳನ್ನ ಇಟ್ಕೊಂಡವ್ರಂತೆ. ಸರೋಜ ಅಂತ" ಎಂದರು.

ತುತ್ತನ್ನು ತಟ್ಟೆಗೇ ಬಿಟ್ಟು ಕೇಳಿದೆ: "ಯಾರೇಳಿದ್ರು?"

"ಸ್ಟ್ಯಾಂಡಾಗೆ ಎಲ್ರಿಗೂ ಗೊತ್ತು. ನಮ್ ಡ್ರೈವರ್ ಒಬ್ನು ಕಣ್ಣಾರೆ ನೋಡವ್ನೆ. ಎಡಗೆನ್ನೆ ಮೇಲೆ ಮಚ್ಚೆ ಐತಂತೆ."

ಮಚ್ಚೆ ನಮ್ಮದಲ್ಲ! ನಾವು ಮಚ್ಚೆ ಇಟ್ಟೇ ಇರಲಿಲ್ಲ. ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು ಎಂದರೆ ನೀವು ನಂಬಬೇಕು.

ಹೆದರಿಕೆ ಬಂದದ್ದು ನಾಲ್ಕಾರು ದಿನದ ಮೇಲೆ. ಮಧ್ಯಾಹ್ನ ಇಳಕಲ್ ಸೀರೆಯುಟ್ಟ ಸಣ್ಣ ಹೆಂಗಸೊಬ್ಬರು ಬಂದು ಬಕೆಟ್ಟುಗಳ ಮುಂದೆ ನಿಂತರು. "ಅಕ್ಕಾರ, ನಾ ಗಂಗವ್ವ ರೀ. ಈರಪ್ಪನವರು ನಮ್ಮ ಮನಿಯವರು. ಹೂ ಇಲ್ಲಿಂದನ ಒಯ್ತಾರಂತ, ಆ ಸರೋಜಾ ಅನ್ನಾಕಿ ಮನಿ ಗುರುತು ನಿಮಗ ಗೊತ್ತೈತೇನ್ರಿ?"

ಮುನಿಯಮ್ಮ ಕೈಗೆ ಸಿಕ್ಕ ತೆಂಗಿನಕಾಯಿಯ ಜುಟ್ಟು ಕೀಳತೊಡಗಿದಳು. ಅದು ಬೋಳಾದರೂ ಬಿಡಲಿಲ್ಲ.

"ಜಗಳಾ ಮಾಡಾಕಲ್ರಿ" ಎಂದರು ಗಂಗವ್ವ. ಕಣ್ಣಲ್ಲಿ ನೀರಿರಲಿಲ್ಲ. "ಒಮ್ಮೆ ಅಕಿ ಮಾರಿ ನೋಡಿ, ಟ್ರಂಕ್ ಕಟ್ಟಿ ತವರಿಗೆ ಹೋಗಾಕಿ ನಾ."

ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲು ಬಾಯಿ ತೆರೆದೆ; ಬಂದ ಮಾತು, "ಬನ್ನಿ, ನಾನೂ ಬತ್ತೀನಿ." ನಾನೇ ಹುಟ್ಟಿಸಿದವಳನ್ನು ಹುಡುಕಿಕೊಡಲು ನಾನೇ ಬೇತಮಂಗಲದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರು ಚೀಲದಿಂದ ಡಬ್ಬಿ ತೆಗೆದು, "ಅಂಗಡಿ ಬಿಟ್ಟು ಹಂಗ ಬಂದೀರಿ, ಉಣ್ರಿ" ಎಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೈಗಿಟ್ಟರು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಅಂಥ ಮಾತು ಹೇಳುವುದು ಹೇಗೆ? ರೊಟ್ಟಿ ಮುಗಿಯಿತು, ಊರೂ ಬಂತು.

ಇಳಿದು ಟೀ ಅಂಗಡಿಯಲ್ಲಿ ಗಂಗವ್ವ ವಿಚಾರಿಸಿದರು. ಅಂಗಡಿಯಾತ ತಲೆಯನ್ನೂ ಎತ್ತದೆ, "ಒಲ್ಗೆ ಸರೋಜಮ್ಮನಾ? ಕೆರೆ ಪಕ್ದ ಬೀದಿ, ಮೂರ್ನೇ ಮನೆ" ಎಂದ.

ಒಂದು ಗಳಿಗೆ ನಾನೇ ನಂಬಿಬಿಟ್ಟೆ. ನಾವು ಸುಳ್ಳೆಂದು ಹೇಳಿದ್ದು ನಿಜವೇ ಇರಬಹುದೇ? ಮೂರನೆಯ ಮನೆಯ ಜಗುಲಿಯಲ್ಲಿ ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರು ದಪ್ಪ ಕನ್ನಡಕ ಹಾಕಿಕೊಂಡು ಮಿಷನ್ ತುಳಿಯುತ್ತಿದ್ದರು. ನಮ್ಮನ್ನು ನೋಡಿ, "ಬ್ಲೌಸಾ? ಈ ವಾರ ಆಗಾಕಿಲ್ಲ ಕಣ್ರಮ್ಮ" ಎಂದರು. ಗಂಗವ್ವ ಅಜ್ಜಿಯನ್ನು ನೋಡಿದರು. ಅಜ್ಜಿಯ ಬೆರಳುದ್ದದ ಜಡೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಕೆರೆ ಏರಿಯ ಮೇಲೆ ನಿಂತು ಎಲ್ಲ ಹೇಳಿದೆ. "ಸರೋಜ ಇಲ್ಲಮ್ಮಾ. ನಾನು, ಮುನಿಯಮ್ಮ ಮಾಡಿದ್ದು."

"ಮಿಷನ್ನೂ ನೀವ ಕೊಡಿಸಿದ್ರೇನ್ರಿ?"

"ಊಂ."

"ಮಚ್ಚಿ?"

"ಮಚ್ಚೆ ನಮ್ದಲ್ಲ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ನೀರಿನ ಕಡೆ ಮುಖ ತಿರುಗಿಸಿ, "ನಾಕ್ ದಿವಸಾತ್ರಿ ಅಕ್ಕಾರ, ನನಗ ತುತ್ತು ಇಳದಿಲ್ಲ" ಎಂದರು. ಅಂಥವರ ರೊಟ್ಟಿಯನ್ನು ನಾನು ಬಾಯಿ ತುಂಬ ತಿಂದಿದ್ದೆ. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಬಸ್ಸು ಬರುವ ಹೊತ್ತಿಗೆ ಮೆಲ್ಲಗೆ ಕೇಳಿದರು: "ಹಂಗಾದ್ರ ಆ ಹೂ ಎಲ್ಲಿಗೆ ಹೊಕ್ಕಾವ್ರಿ?"

ಅದು ನನಗೂ ಗೊತ್ತಿರಲಿಲ್ಲ.

ಆ ಶನಿವಾರ ಈರಪ್ಪನವರು ಮೂರು ಹೂವು ಕೊಂಡು ಹೊರಟ ಕೂಡಲೆ ಅಂಗಡಿಯನ್ನು ಮುನಿಯಮ್ಮನಿಗೆ ಒಪ್ಪಿಸಿದೆ. ಬೀದಿಯ ತಿರುವಿನಲ್ಲಿ ನಮ್ಮನೆಯವರ ಆಟೋದಲ್ಲಿ ಗಂಗವ್ವ ಕಾದಿದ್ದರು. ನಮ್ಮನೆಯವರಿಗೆ ನಿಜ ಹೇಳಿರಲಿಲ್ಲ. ಸರೋಜನನ್ನು ನೋಡುವ ಉತ್ಸಾಹದಲ್ಲಿ ಕ್ರಾಪು ಬೇರೆ ಬಾಚಿಕೊಂಡು ಬಂದಿದ್ದರು. ಮುಂದೆ ಹೋಗುತ್ತಿದ್ದ ಈರಪ್ಪನವರ ಕೊಡೆ ಬಸ್ ಸ್ಟ್ಯಾಂಡ್ ದಾಟಿ, ಕಾರ್ಖಾನೆಯ ಕ್ವಾರ್ಟರ್ಸ್ ಕಡೆಗೇ ತಿರುಗಿತು. ಅವರು ತಮ್ಮ ಮನೆಯ ಬೀದಿಯನ್ನು ಬಿಟ್ಟು ಕೊನೆಯ ಸಾಲಿನ ಒಂದು ಖಾಲಿ ಮನೆಯ ಬೀಗ ತೆಗೆದರು. ವರ್ಗವಾಗಿ ಹೋದ ಸ್ನೇಹಿತರೊಬ್ಬರು ಬೀಗದ ಕೈ ಅವರ ಹತ್ತಿರವೇ ಬಿಟ್ಟಿದ್ದರಂತೆ.

ನಾವು ಕಿಟಕಿಯಲ್ಲಿ ಇಣುಕಿದೆವು. ಬರಿಯ ಕೋಣೆ. ಈರಪ್ಪನವರು ಬೋಗುಣಿಯ ನೀರೊಳಗೇ ಕಡ್ಡಿಯ ತುದಿಗಳನ್ನು ಓರೆಯಾಗಿ ಕತ್ತರಿಸಿದರು. ಕಿಟಕಿಯ ಬೆಳಕಿನಲ್ಲಿ ಹಿತ್ತಾಳೆಯ ಹೂದಾನಿಯೊಂದು ಇತ್ತು. ತಾವೇ ಲೇತಿನಲ್ಲಿ ಕಡೆದದ್ದು ಎಂದು ಆಮೇಲೆ ತಿಳಿಯಿತು. ಹೂವುಗಳನ್ನು ಅದರಲ್ಲಿ ಇಟ್ಟು, ಎರಡು ಸಲ ಸರಿಸಿ, ಬೋರಲು ಹಾಕಿದ ಡಬ್ಬದ ಮೇಲೆ ಕೂತರು. ಆಮೇಲೆ ಏನೂ ಮಾಡಲಿಲ್ಲ. ನೋಡುತ್ತ ಕೂತರು, ಅಷ್ಟೆ.

"ಒಮ್ಮೆ ಮನಿಗೆ ತಂದಿದ್ರು" ಎಂದರು ಗಂಗವ್ವ ಪಿಸುದನಿಯಲ್ಲಿ. "ಮುಡ್ಯಾಕಿಲ್ಲ, ದೇವರಿಗಿಲ್ಲ, ಸುಮ್ನ ನೋಡಾಕ ಯಾರರ ತರ್ತಾರೇನು ಅಂತ ಬೈದು, ನಾನ ಅದರ ಕುತ್ತಿಗಿ ಮುರದು ದೇವರ ಫೋಟೋಕ್ಕ ಏರಿಸಿದ್ದೆ." ಮತ್ತೆ ಒಳಗೆ ಇಣುಕಿ ಹೇಳಿದರು: "ಸರೋಜಾ ಇದ್ದಿದ್ರ ಜಗಳಾ ಮಾಡಬಹುದಿತ್ರಿ. ಇದರ ಕೂಡ ಏನಂತ ಜಗಳಾ ಮಾಡ್ಲಿ?"

ಬಾಗಿಲು ದೂಡಿಕೊಂಡು ಒಳಗೆ ಹೋದರು. ಈರಪ್ಪನವರು ಹೆಡ್‌ಮಾಸ್ತರರನ್ನು ಕಂಡವರಂತೆ ಎದ್ದು ನಿಂತರು. "ಯಾರಿಗೂ ಅಲ್ಲ... ಸುಮ್ನ..." ಎಂದು ತೊದಲಿದರು. ಗಂಗವ್ವ ನೆಲದ ಮೇಲೆ ಕೂತು ಹೂವುಗಳನ್ನು ನೋಡಿದರು. ಎಷ್ಟೋ ಹೊತ್ತಾದ ಮೇಲೆ, "ಆ ಗಿಡ್ಡಂದು ಒಂಚೂರು ಮುಂದ ಬರಬೇಕು" ಎಂದರು. ಈರಪ್ಪನವರು ಅದನ್ನು ಮುಂದಕ್ಕೆ ಎಳೆದರು. ಪಕ್ಕಕ್ಕೆ ಸರಿದು ಡಬ್ಬವನ್ನು ಹೆಂಡತಿಗೆ ಕೊಟ್ಟು ತಾವು ನೆಲಕ್ಕೆ ಕೂತರು.

"ಸರೋಜ ಎಲ್ಲಮ್ಮೀ?" ಎಂದು ನನ್ನ ಕಿವಿಯ ಹತ್ತಿರ ನಮ್ಮನೆಯವರು ಕೇಳಿದರು. ರಟ್ಟೆ ಚಿವುಟಿ ಆಟೋ ಹತ್ತಿಸಿದೆ.

ಅದಾದ ಮೇಲೆ ಎರಡು ವಾರ ಗಂಗವ್ವ ಒಬ್ಬರೇ ಬಂದು ಹೂವು ಕೊಂಡರು, ಗಂಡನಿಗಿಂತ ಹೆಚ್ಚು ಹಿಸುಕಿದರು. ಸರೋಜನ ಕಥೆಯನ್ನೆಲ್ಲ ಹೆಂಡತಿಯಿಂದ ಕೇಳಿದ ಈರಪ್ಪನವರಿಗೆ ನನ್ನ ಮೇಲೆ ಸಿಟ್ಟಿದ್ದದ್ದು ನ್ಯಾಯವೇ. ಮೂರನೆಯ ವಾರ ಅವರೂ ಬಂದರು. ತಪ್ಪಾಯಿತು ಎಂದೆ. ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ, "ಮಚ್ಚಿ ಯಾವ ಗಲ್ಲದ ಮ್ಯಾಲಿತ್ರಿ?" ಎಂದು ಕೇಳಿದರು.

"ಎಡಗಡೆ."

"ಚಲೋ ಆತು ಬಿಡ್ರಿ" ಎಂದು ಮೀಸೆಯೊಳಗೇ ನಕ್ಕರು. ಗಂಗವ್ವ ಅವರ ಬೆನ್ನಿಗೊಂದು ಗುದ್ದು ಕೊಟ್ಟರು.

ಅವತ್ತು ಈರಪ್ಪನವರು ಹೇಳಿದ ಮಾತೊಂದು ನನ್ನೊಳಗೆ ಉಳಿದುಬಿಟ್ಟಿದೆ. "ಮೂರನೇ ದಿನ ನೋಡ್ರಿ ಅಕ್ಕಾರ, ಒಳಗಿನ ಬಣ್ಣ ಬ್ಯಾರೇನ ಇರ್ತದ. ನೀವು ದಿನಾ ನೋಡಿರಬೇಕು." ನಾನು ನೋಡಿರಲಿಲ್ಲ. ಅರಳಿದ ಹೂವೆಂದರೆ ನನ್ನ ಪಾಲಿಗೆ ನಷ್ಟ. ಅರಳುವ ಮುಂಚೆ ಮಾರಬೇಕು, ಅರಳಿದರೆ ಎಸಳು ಕಿತ್ತು ಮತ್ತೆ ಮೊಗ್ಗು ಮಾಡಬೇಕು. ಇಷ್ಟು ವರ್ಷ ಹೂವು ಮಾರಿದವಳು ಒಂದೇ ಒಂದು ಹೂವು ಪೂರ್ತಿ ಅರಳುವುದನ್ನು ಕಂಡಿರಲಿಲ್ಲ.

ಈರಪ್ಪನವರು ನಿವೃತ್ತರಾಗಿ ಗಂಗವ್ವನ ಜೊತೆ ತಮ್ಮ ಊರ ಕಡೆ ಹೋಗಿ ಕೆಲವು ವರ್ಷಗಳಾದವು. ಮುನಿಯಮ್ಮ ಈಗ ಅಂಗಡಿಗೆ ಬರುವುದಿಲ್ಲ, ಮಗಳ ಮನೆಯ ಕಟ್ಟೆಯ ಮೇಲೆ ಕೂತು ಆ ಬೀದಿಯವರ ಬಗ್ಗೆ ಕಥೆ ಕಟ್ಟುತ್ತಿದ್ದಾಳಂತೆ.

ಇವತ್ತು ಅಂಗಡಿ ಮುಚ್ಚುವಾಗ ನಾನು ಹಿಂದಿನ ಬಕೆಟ್ಟಿನಿಂದ ಒಂದು ಗುಲಾಬಿ ತೆಗೆದುಕೊಂಡೆ. ಕೇಸರಿ ಬಣ್ಣದ್ದು, ಈಗಷ್ಟೇ ಬಿಚ್ಚತೊಡಗಿರುವುದು. ಮನೆಗೆ ತಂದು ಸ್ಟೀಲ್ ಲೋಟದಲ್ಲಿಟ್ಟು ಫ್ರಿಜ್ಜಿನ ಮೇಲೆ ನಿಲ್ಲಿಸಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಹೂವಿನ ಬುಟ್ಟಿಗಳು ಉರುಳಾಡಿವೆ, ನಮ್ಮನೆಯವರು ಅವನ್ನು ದಾಟಿಕೊಂಡು ಓಡಾಡಿದ್ದಾರೆ, ಒಂದು ದಿನವೂ ಏನೂ ಕೇಳಿದವರಲ್ಲ. ಇವತ್ತು ಬಾಗಿಲಲ್ಲೇ ನಿಂತುಬಿಟ್ಟರು.

"ಯಾರ್ ಕೊಟ್ಟಿದ್ದು ಅದು?"

ನಾನು ಲೋಟವನ್ನು ಒಂಚೂರು ಬೆಳಕಿಗೆ ತಿರುಗಿಸಿದೆ. ಅವರು ಕೈಕಾಲು ತೊಳೆದುಕೊಂಡು ಬಂದು, ಹೂವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, ಮತ್ತೆ ಕೇಳಿದರು. ಹೂವು ಪೂರ್ತಿ ಅರಳಲು ಇನ್ನೂ ಮೂರು ದಿನ ಬೇಕು. ಅಲ್ಲಿಯವರೆಗೆ ಹೇಳುವುದು ಬೇಡ ಅಂದುಕೊಂಡಿದ್ದೇನೆ.