ಒಂದೂಮುಕ್ಕಾಲಿನ ಸೈರನ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಕೊನೆಗೆ ಸೂಪರ್‌ವೈಸರ್ ಆಗಿದ್ದೆ. ನಿವೃತ್ತನಾದ ಮೇಲೂ ಐದಕ್ಕೆ ಏಳುವುದನ್ನು, ಏಳಕ್ಕೆ ತಿಂಡಿ ತಿನ್ನುವುದನ್ನು ತಪ್ಪಿಸಿದವನಲ್ಲ. ಹಾಗಾಗಿ ನನ್ನದು ಮೊದಲ ಔಷಧಿಗೆ ಬಗ್ಗದ ಕ್ಷಯ, ಬೇರೆ ಮಾತ್ರೆಗಳನ್ನು ಒಂದು ದಿನವೂ ಬಿಡದೆ ಒಂದೂವರೆ ವರ್ಷ ನುಂಗಬೇಕು ಎಂದು ವೈದ್ಯರು ಹೇಳಿದಾಗ ನಾನು ಹೆದರಲಿಲ್ಲ. ತಿಂಡಿಯಾದ ಮೇಲೆ ಮಾತ್ರೆ, ಲೋಟ ತೊಳೆದು ಕವುಚಿ ಹಾಕುವುದು, ಕ್ಯಾಲೆಂಡರಿನಲ್ಲಿ ಒಂದು ಗೀಟು. ಇದೆಲ್ಲ ನನಗೆ ಗೊತ್ತಿದ್ದ ಕೆಲಸವೇ.

ಎರಡನೇ ತಿಂಗಳಿಗೆ ಮೈಬಣ್ಣ ತಿರುಗಿತು. ಬಿಸಿಲಿಗೆ ಕಪ್ಪಾದಂತಲ್ಲ, ಒಳಗಿನಿಂದ ಇಟ್ಟಿಗೆ ಬಣ್ಣ ಬಂದು ಮೇಲೆ ಮಸಿ ಹಿಡಿದ ಹಾಗೆ. ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನನ್ನ ಮೂಗು, ನನ್ನ ಮೀಸೆ ಇಟ್ಟುಕೊಂಡ ಬೇರೊಬ್ಬ ನಿಂತಿರುತ್ತಿದ್ದ. ಅದು ಮಾತ್ರೆಯ ಬಣ್ಣ, ನಿಧಾನವಾಗಿ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಆಮೇಲೆ ಪಾದಗಳು ಜೋಮು ಹಿಡಿದವು. ಒಂದು ದಿನ ಅಂಗಡಿಯಿಂದ ಬಂದು ನೋಡಿದರೆ ಎಡಗಾಲಿನ ಚಪ್ಪಲಿ ಇಲ್ಲ. ಎಲ್ಲಿ ಕಳಚಿತೆಂದು ಪಾದಕ್ಕೆ ಗೊತ್ತೇ ಆಗಿರಲಿಲ್ಲ. ಅದನ್ನು ಹೇಳಿದೆ, ಒಂದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಇನ್ನೊಂದು ದೂರು ಹೇಳಿದರೆ ಔಷಧಿಯನ್ನೇ ನಿಲ್ಲಿಸಿಬಿಟ್ಟಾರು ಎಂಬ ಅಂಜಿಕೆ ಅಲ್ಲಿಂದ ಶುರುವಾಯಿತು. ನಿಲ್ಲಿಸಿದರೆ ನನ್ನ ಕಥೆ ಮುಗಿಯಿತು ಎಂದುಕೊಂಡಿದ್ದೆ.

ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಸೈರನ್ ಕೂಗಿತು. ಎರಡನೇ ಪಾಳಿಯವರನ್ನು ಕರೆಯುತ್ತಿದ್ದ ನಮ್ಮ ಕಾರ್ಖಾನೆಯ ಸೈರನ್ನೇ. ಕೊನೆಯಲ್ಲಿ ಗಂಟಲು ಕಟ್ಟಿದಂತೆ ಒಡೆಯುವ ಆ ದನಿಯನ್ನು ಎಲ್ಲಿದ್ದರೂ ಗುರುತಿಸಬಲ್ಲೆ. ಗಡಿಯಾರ ನೋಡಿದೆ. ಸರಿಯಾಗಿ ಒಂದೂಮುಕ್ಕಾಲು. ಆದರೆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿದೆ. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಹೆಂಡತಿ ಸಾರು ಬಡಿಸುತ್ತಿದ್ದಳು. ಅವಳ ಸೌಟು ನಿಲ್ಲಲಿಲ್ಲ.

ಅಂದಿನಿಂದ ದಿನವೂ ಕೂಗಿತು. ಮಾತ್ರೆಗಳ ವಿಚಾರಣೆಗೆ ವಾರಕ್ಕೊಮ್ಮೆ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ ಪಟ್ಟಿ ಹಿಡಿದು ಕೇಳಿದಳು.

“ವಾಂತಿ ಆಗುತ್ತಾ ತಾತ?”

“ಇಲ್ಲ.”

“ಕಣ್ಣು ಮಂಜು?”

“ಇಲ್ಲ.”

“ಕಿವೀಲಿ ಯಾರಾದ್ರೂ ಮಾತಾಡ್ದಂಗೆ ಕೇಳ್ಸುತ್ತಾ?”

“ಯಾರೂ ಮಾತಾಡಲ್ಲಮ್ಮ.”

“ಎಲ್ರೂ ನಿಮ್ಮ ಥರ ಇದ್ಬಿಟ್ರೆ ನಾನು ಹನ್ನೊಂದಕ್ಕೇ ಮನೆಗೆ ಹೋಗ್ಬೋದು” ಎಂದು ನಗುತ್ತ ಸಹಿ ಹಾಕಿಸಿಕೊಂಡಳು.

ನಾನು ಸುಳ್ಳು ಹೇಳಿರಲಿಲ್ಲ. ಸೈರನ್ ಮಾತಾಡುವುದಿಲ್ಲ. ಕಾರ್ಖಾನೆಗೆ ತಪಾಸಣೆಯವರು ಬಂದಾಗಲೂ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದವನು ನಾನು.

ಒಂದು ದಿನ ಸೈರನ್ ಕೂಗಿ ನಿಂತಾಗ ನೋಡಿಕೊಂಡರೆ ನಾನು ಬೀದಿಯ ಕೊನೆಯಲ್ಲಿದ್ದೆ. ಬರಿಗಾಲು, ಕೈಯಲ್ಲಿ ಊಟದ ಡಬ್ಬಿ. ಎದುರಿಗೆ ತುಮಕೂರು ರಸ್ತೆ, ಲಾರಿಗಳು. ಹಿಂದಿನಿಂದ ಹೆಂಡತಿ ಓಡಿ ಬಂದು ತೋಳು ಹಿಡಿದಳು.

“ಎಲ್ಲಿಗ್ರೀ ಇಂಗೆ ಡಬ್ಬಿ ಇಡ್ಕಂಡು ಒಂಟ್ರಿ?”

“ಡ್ಯೂಟಿಗೆ.”

“ಯಾವ ಡ್ಯೂಟಿಗೆ? ಅಲ್ಲೀಗ ಜನ ಬಟ್ಟೆ ಒಣಗಾಕ್ತಾವ್ರೆ” ಎಂದು ನಗಲು ಹೋದವಳು ನನ್ನ ಮುಖ ನೋಡಿ ಡಬ್ಬಿಯನ್ನು ಕೈಯಿಂದ ತೆಗೆದುಕೊಂಡಳು.

ಮನೆಗೆ ಬಂದು ಡಬ್ಬಿ ತೆರೆದೆವು. ಅನ್ನ ಒತ್ತಿ ತುಂಬಿ, ಮೂಲೆಯಲ್ಲಿ ಉಪ್ಪಿನಕಾಯಿ ಇಟ್ಟಿತ್ತು. ಕೆಲಸಕ್ಕೆ ಹೋಗುವಾಗ ನಾನು ಇಡುತ್ತಿದ್ದ ರೀತಿಯಲ್ಲೇ. ಅವಳು ತುಂಬಿರಲಿಲ್ಲ. ನಾನು ತುಂಬಿದ್ದು ನನಗೆ ನೆನಪಿರಲಿಲ್ಲ.

ಪ್ರೆಸ್ ಶಾಪಿನ ಗದ್ದಲಕ್ಕೆ ನಾವೆಲ್ಲ ಕಿವಿಗೆ ರಬ್ಬರಿನ ಪ್ಲಗ್ ಹಾಕಿಕೊಳ್ಳುತ್ತಿದ್ದೆವು. ನನ್ನ ಜೋಡಿ ಇನ್ನೂ ಡ್ರಾಯರಿನಲ್ಲಿತ್ತು. ಮಾರನೇ ದಿನ ಒಂದು ನಲವತ್ತಕ್ಕೆ ಅವನ್ನು ಒತ್ತಿ ಹಾಕಿಕೊಂಡು ಕುಳಿತೆ. ಅಡುಗೆಮನೆಯ ಮಿಕ್ಸಿಯ ಸದ್ದು ದೂರವಾಯಿತು. ಬಸ್ಸಿನ ಹಾರ್ನ್ ಹೋಯಿತು. ನನ್ನ ಉಸಿರು ಮಾತ್ರ ಉಳಿಯಿತು. ಒಂದೂಮುಕ್ಕಾಲಿಗೆ ಸೈರನ್ ಕೂಗಿತು, ಒಂದಿಷ್ಟೂ ತಗ್ಗದೆ. ಪ್ಲಗ್ ಕಿತ್ತೆ. ಅಷ್ಟೇ ದನಿ. ಮತ್ತೆ ಹಾಕಿದೆ. ಅಷ್ಟೇ. ಕೂಗುತ್ತಿದ್ದದ್ದು ನನ್ನೊಳಗೆ.

ಔಷಧಿ ನಿಲ್ಲಿಸಿದರೂ ಸರಿ ಎಂದು ಕೂಡಲೇ ಕಾರ್ಯಕರ್ತೆಗೆ ಫೋನು ಮಾಡಿದೆ.

“ಅಯ್ಯೋ ತಾತ, ಯಾವತ್ತಿಂದ?”

“ಇವತ್ತಿಗೆ ಹತ್ತೊಂಬತ್ತು ದಿನ.”

“ನಾನು ಕೇಳಿದ್ನಲ್ಲ!”

“ನೀನು ಕೇಳಿದ್ದು ಯಾರಾದ್ರೂ ಮಾತಾಡ್ತಾರಾ ಅಂತ.”

“ಅಲ್ಲೇ ಕೂತಿರಿ. ಅಜ್ಜಿ ಪಕ್ಕದಲ್ಲೇ ಇರ್ಲಿ. ಆಟೋ ತರ್ತೀನಿ.”

ವೈದ್ಯರು ಔಷಧಿಯನ್ನೆಲ್ಲ ನಿಲ್ಲಿಸಲಿಲ್ಲ. ಒಂದೇ ಒಂದು ಕ್ಯಾಪ್ಸೂಲ್ ತೆಗೆದು ಅದರ ಬದಲು ಬೇರೆ ಬರೆದರು. ಈ ಮಾತ್ರೆಗೆ ಹೀಗಾಗುವುದುಂಟು, ಮೊದಲ ದಿನವೇ ಹೇಳಬೇಕಿತ್ತು ಎಂದರು. ನಾನು ಅಷ್ಟು ದಿನ ಕಾಪಾಡಿಕೊಂಡು ಬಂದಿದ್ದ ಗುಟ್ಟು ಅವರಿಗೆ ಎರಡು ನಿಮಿಷದ ಕೆಲಸವಾಗಿತ್ತು.

ಆರನೇ ದಿನ ಒಂದೂಮುಕ್ಕಾಲು ಸದ್ದಿಲ್ಲದೆ ಕಳೆಯಿತು. ಆಮೇಲೆ ಎಂದೂ ಕೂಗಲಿಲ್ಲ. ಚಿಕಿತ್ಸೆ ಮುಗಿಯಿತು, ಕಫದಲ್ಲಿ ಈಗ ರೋಗವಿಲ್ಲ. ಡಬ್ಬಿಯನ್ನು ಹೆಂಡತಿ ಎಲ್ಲಿಟ್ಟಿದ್ದಾಳೋ ನಾನು ಕೇಳಿಲ್ಲ. ನಮ್ಮ ಊಟದ ಹೊತ್ತು ಬದಲಾಗಿಲ್ಲ. ಬಡಿಸುತ್ತಿರುವಾಗ ಒಂದೂಮುಕ್ಕಾಲು ಆಯಿತೆಂದರೆ ಅವಳ ಸೌಟು ತಟ್ಟೆಯ ಮೇಲೆ ನಿಲ್ಲುತ್ತದೆ. ನನ್ನ ಮುಖ ನೋಡುತ್ತಾಳೆ, ಆಮೇಲೆ ಸಾರು ಹಾಕುತ್ತಾಳೆ.